ಬ್ರೇಡ್‌ಗೆ ಬಯ್ಯೋದು ಬಿಡಿ, ಮೊದಲು ಸುತ್ತೋದು ಕಲೀರಿ

ಮೊದಲೇ ಹೇಳಿಬಿಡ್ತೀನಿ, ಈ ಸಲದ್ದು ಗಾಳದ ಹುಚ್ಚು ಇರೋರಿಗೆ. ಮೀನು ಅಂದ್ರೆ ಮೂಗು ಮುಚ್ಕೊಳ್ಳೋ ಗೆಳೆಯರು ಇವತ್ತು ರಜಾ ತಗೊಳ್ಳಬಹುದು :-) ಆದ್ರೆ ನೇಕಾರರ ಮನೆಯವರು ಯಾರಾದ್ರೂ ಇದ್ರೆ ದಯವಿಟ್ಟು ಕೂತು ಓದಿ. ಮಾತು ಕೊನೆಗೆ ನಿಮ್ಮ ಹತ್ರಾನೇ ಬರುತ್ತೆ.

ಹೋದ ಭಾನುವಾರ ಕೊರ್ತಿ-ಕೊಲ್ಹಾರ ಸೇತುವೆ ಹತ್ರ ಹಿನ್ನೀರಿಗೆ ಹೋಗಿದ್ದೆ. ನಾಲ್ಕು ಜನ ಹುಡುಗರು ಹೊಸ ರಾಡು, ಹೊಸ ರೀಲು ಹಿಡ್ಕೊಂಡು ನಿಂತಿದ್ರು. ಒಬ್ಬನ ಕೈಯಲ್ಲಿ ಹಕ್ಕಿ ಗೂಡಿನಂಥ ಹಸಿರು ದಾರದ ಗಂಟು. ಬಿಡಿಸ್ತಾ ಇರ್ಲಿಲ್ಲ, ಬ್ಲೇಡಿನಿಂದ ಕತ್ತರಿಸಿ ಕತ್ತರಿಸಿ ದಂಡೆ ಮೇಲೆ ಎಸೀತಿದ್ದ. ಯಾಕಪಾ ಅಂದೆ. "ಬ್ರೇಡ್ ನಮ್ಮ ಹೊಳಿಗಿ ಬರಂಗಿಲ್ರಿ ಅಣ್ಣಾ, ಎಲ್ಲಾ ಮೋಸ. ಹೊಳ್ಳಿ ನೈಲಾನಿಗೇ ಹೊಕ್ಕೀನಿ" ಅಂದ.

ಈ ಮಾತನ್ನ ಬೀಳಗಿಯಲ್ಲಿ, ಗಲಗಲಿಯಲ್ಲಿ, ಅನಗವಾಡಿ ಸೇತುವೆ ಕೆಳಗೆ, ಅತ್ಲಾಗೆ ಜಮಖಂಡಿ ಕಡೆ, ಎಲ್ಲಾ ಕಡೆ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಬ್ರೇಡ್ ಬರಲ್ಲ. ಬ್ರೇಡ್ ಗಂಟು ಬೀಳುತ್ತೆ. ಬ್ರೇಡ್ ಹಾಕಿದ್ರೆ ರೀಲಿನ ಡ್ರ್ಯಾಗ್ ಕೆಟ್ಟು ಹೋಗುತ್ತೆ. ಸ್ವಾಮೀ, ಡ್ರ್ಯಾಗೂ ಕೆಟ್ಟಿಲ್ಲ, ಹೊಳೆಯದ್ದೂ ತಪ್ಪಿಲ್ಲ. ನಿಮ್ಮ ರೀಲಿಗೆ ದಾರ ಸುತ್ತಿದವನು ಸರಿಯಾಗಿ ಸುತ್ತಿಲ್ಲ. ಅಷ್ಟೇ ವಿಷಯ. ಆದ್ರೆ ಈ "ಅಷ್ಟೇ" ಇದೆಯಲ್ಲ, ಅದು ಎಷ್ಟು ದುಬಾರಿ ಆಗಬಹುದು ಅನ್ನೋದು ನನಗೆ ಈ ವರ್ಷ ಗೊತ್ತಾಯ್ತು. ಅದನ್ನ ಆಮೇಲೆ ಹೇಳ್ತೀನಿ.

ನಾನೇನು ಹುಟ್ಟಾ ಪಂಡಿತ ಅಲ್ಲ. ಮೊದಲ ಸಲ ಬ್ರೇಡ್ ಕೊಂಡಾಗ ನಾನೂ ಇದೇ ಕತ್ತೆ ಕೆಲಸ ಮಾಡಿದ್ದೆ. ಖಾಲಿ ಸ್ಪೂಲಿಗೆ ನೇರವಾಗಿ ಬ್ರೇಡ್ ಕಟ್ಟಿ, ಬೆರಳ ಸಂದಿಯಲ್ಲಿ ಹಗುರಕ್ಕೆ ಹಿಡಿದು ಅಂಚಿನ ತನಕ ತುಂಬಿಸಿದೆ. ನೋಡೋಕೆ ಬಹಳ ಚೆಂದ ಇತ್ತು! ಎರಡನೇ ವಾರ ಒಂದು ಒಳ್ಳೇ ಬಾಳೆ ಮೀನು ಹಿಡೀತು. ಹಿಡಿಕೆ ತಿರುಗಿಸ್ತಾ ಇದೀನಿ, ಮೀನು ಮಾತ್ರ ಅದರ ಪಾಡಿಗೆ ಅದು ಹೋಗ್ತಾ ಇದೆ. ಡ್ರ್ಯಾಗ್ ಬಿಗಿ ಮಾಡಿದೆ. ಇನ್ನೂ ಬಿಗಿ ಮಾಡಿದೆ. ನಾಬ್ ಮುರಿಯೋ ಅಷ್ಟು ಬಿಗಿ ಮಾಡಿದೆ. ಆದ್ರೂ ದಾರ ಹೋಗ್ತಾನೇ ಇದೆ, ಮೀನೂ ಹೋಯ್ತು. ರೀಲನ್ನ ರಿಪೇರಿಗೆ ಎರಡು ಸಲ ಕೊಟ್ಟೆ. ಆ ಪುಣ್ಯಾತ್ಮ ಎರಡು ಸಲಾನೂ ಬಿಚ್ಚಿ, ಗ್ರೀಸ್ ಹಚ್ಚಿ, "ಏನೂ ಆಗಿಲ್ಲ" ಅಂತ ವಾಪಸ್ ಕೊಟ್ಟ. ನಾನು ಅವನಿಗೇ ಬಯ್ದೆ. ಪಾಪ, ಅವನು ಹೇಳಿದ್ದು ನಿಜ ಇತ್ತು.

ಆಗಿದ್ದು ಏನಪ್ಪಾ ಅಂದ್ರೆ, ಸ್ಪೂಲು ಗಟ್ಟಿಯಾಗಿ ನಿಂತೇ ಇತ್ತು. ಅದರ ಮೇಲಿದ್ದ ದಾರದ ಇಡೀ ಉಂಡೆಯೇ ಬೆರಳಲ್ಲಿ ಸಡಿಲ ಉಂಗುರ ತಿರುಗಿದ ಹಾಗೆ ಜಾರಿ ತಿರುಗ್ತಾ ಇತ್ತು! ಬ್ರೇಡ್ ಅನ್ನೋದು ನೈಲಾನ್ ಅಲ್ಲ, ಪಾಲಿಎಥಿಲೀನ್. ನಮ್ಮ ಪ್ಲಾಸ್ಟಿಕ್ ಚೀಲದ ಜಾತಿಯದ್ದೇ, ಆದ್ರೆ ಅಣುಗಳ ಸರಪಳಿ ಬಹಳ ಬಹಳ ಉದ್ದ. ನೆದರ್ಲ್ಯಾಂಡ್ಸ್‌ನವರು ಇದನ್ನ ಡೈನೀಮಾ ಅಂತ ಮಾರಿದ್ರು, ಅಮೆರಿಕದವರು ಸ್ಪೆಕ್ಟ್ರಾ ಅಂತ. ಗುಂಡು ತಡೆಯೋ ಅಂಗಿಗೂ ಇದೇ ಎಳೆ ಬಳಸ್ತಾರೆ. ಎಳೆದ್ರೆ ಹಿಗ್ಗಲ್ಲ, ನೀರು ಹೀರಲ್ಲ, ನೀರಿಗಿಂತ ಹಗುರ, ಮತ್ತೆ ಮೇಣ ಹಚ್ಚಿದ ಹಾಗೆ ಜಾರುತ್ತೆ. ನೈಲಾನ್ ದಾರ ಸುತ್ತುವಾಗ ಹಿಗ್ಗಿ, ಆಮೇಲೆ ಕುಗ್ಗಿ ಸ್ಪೂಲನ್ನ ಅಪ್ಪಿ ಹಿಡಿಯುತ್ತೆ. ಬ್ರೇಡ್ ಅಪ್ಪಲ್ಲ. ನುಣುಪಾದ ಲೋಹದ ಮೇಲೆ ನುಣುಪಾದ ದಾರ ಬಿದ್ರೆ ಜಾರದೆ ಇನ್ನೇನು ಮಾಡೀತು?

ಇದಕ್ಕೆ ಮದ್ದು ಏನು ಗೊತ್ತಾ? ಹತ್ತು ರೂಪಾಯಿದೂ ಅಲ್ಲ. ಮನೆಯಲ್ಲಿ ಬಿದ್ದಿರೋ ಹಳೇ ನೈಲಾನ್ ದಾರ. ಅದನ್ನ ಮೊದಲು ಸ್ಪೂಲಿಗೆ ಕಟ್ಟಿ ಒಂದು ಪದರ ಬಿಗಿಯಾಗಿ ಸುತ್ತಿ, ಅದರ ತುದಿಗೆ ಡಬಲ್ ಯೂನಿ ಗಂಟಿನಲ್ಲಿ ಬ್ರೇಡ್ ಸೇರಿಸಿ. ಅದೂ ಇಲ್ಲ ಅಂದ್ರೆ ಗಾಯಕ್ಕೆ ಹಚ್ಚೋ ಬಟ್ಟೆ ಟೇಪ್ ಒಂದು ಸುತ್ತು ಅಂಟಿಸಿ ಅದರ ಮೇಲೆ ಬ್ರೇಡ್ ಕಟ್ಟಿ. ಕೆಲವು ಹೊಸ ರೀಲುಗಳಲ್ಲಿ ಸ್ಪೂಲಿಗೇ ರಬ್ಬರ್ ಪಟ್ಟಿ ಹಾಕಿ ಕೊಡ್ತಾರೆ, ಅವಕ್ಕೆ ಇದೇನೂ ಬೇಡ. ನಿಮ್ಮ ರೀಲಿನ ಗತಿ ಏನು ಅಂತ ಈಗಲೇ ನೋಡ್ಬೇಕಾ? ಡ್ರ್ಯಾಗ್ ಪೂರ್ತಿ ಬಿಗಿ ಮಾಡಿ, ದಾರದ ತುದಿಯನ್ನ ಒಂದು ಕಡ್ಡಿಗೆ ಸುತ್ತಿ ಎಳೀರಿ. ಸ್ಪೂಲು ನಿಂತಿದ್ದು ದಾರ ಮಾತ್ರ ಬಂದ್ರೆ, ನಿಮ್ಮದೂ ನಮ್ಮ ಜಾತಿಯೇ!

ಈಗ ನನ್ನ ಸಿಟ್ಟಿನ ಮೊದಲ ಬಾಣ. "ಫುಲ್ ಬ್ರೇಡ್" ಅನ್ನೋ ಶೋಕಿ. ಮುನ್ನೂರು ಮೀಟರ್ ಪೂರ್ತಿ ಬ್ರೇಡ್ ತುಂಬಿಸಿದ್ರೇನೇ ಗಂಡಸು ಅನ್ನೋ ಹಾಗೆ ಮಾತಾಡ್ತಾರೆ. ಯಾಕ್ರೀ? ನಮ್ಮ ದಂಡೆಯಿಂದ ನೀವು ಎಸೆಯೋದು ನಲವತ್ತು ಮೀಟರ್, ಬಹಳ ಅಂದ್ರೆ ಐವತ್ತು. ನಮ್ಮ ಹಿನ್ನೀರಿನಲ್ಲಿ ನೂರೈವತ್ತು ಮೀಟರ್ ಓಡೋ ಮೀನನ್ನ ನಾನಂತೂ ಕಂಡಿಲ್ಲ. ಕೆಳಗಿನ ಅರ್ಧ ದಾರ ಬಿಸಿಲನ್ನೇ ನೋಡಲ್ಲ, ನೀರನ್ನೇ ಮುಟ್ಟಲ್ಲ. ಅಲ್ಲಿ ಅಗ್ಗದ ನೈಲಾನ್ ಇದ್ರೆ ಏನು ಹೋಯ್ತು? ಮಾರೋರಿಗೆ ಮಾತ್ರ ಹೋಗುತ್ತೆ. ಮೀಟರ್ ಲೆಕ್ಕದಲ್ಲಿ ಮಾರೋರು ಅರ್ಧ ಸಾಕು ಅಂತ ಯಾಕೆ ಹೇಳ್ತಾರೆ?

ಎರಡನೇದು ಬಿಗಿ. ಇಲ್ಲೇ ನಿಜವಾದ ಅನಾಹುತ ಇರೋದು. ಅಂಗಡಿಯಲ್ಲಿ ಡ್ರಿಲ್ ಮಷೀನಿಗೆ ಸ್ಪೂಲ್ ಸಿಗಿಸಿ ಗರ್ರ್ ಅಂತ ಎರಡೇ ನಿಮಿಷದಲ್ಲಿ ಸುತ್ತಿ ಕೊಡ್ತಾರೆ. ಪುಕ್ಕಟೆ ಸೇವೆ! ದಾರ ಹಿಡಿಯೋ ಕೈಗೆ ಬಿಗಿ ಅನ್ನೋದೇ ಇರಲ್ಲ. ಮೇಲಿಂದ ನೋಡೋಕೆ ಸಪಾಟಾಗಿ ಕಾಣುತ್ತೆ, ಒತ್ತಿ ನೋಡಿದ್ರೆ ಹತ್ತಿ ಉಂಡೆ. ಬ್ರೇಡ್ ಎಷ್ಟು ತೆಳು ನೋಡಿ, ಇಪ್ಪತ್ತು ಪೌಂಡ್ ತಡೆಯೋ ಬ್ರೇಡು ಸುಮಾರು 0.23 ಮಿಲಿಮೀಟರ್ ದಪ್ಪ. ಆರೇಳು ಪೌಂಡಿನ ನೈಲಾನ್ ಇರೋ ಅಷ್ಟೇ. ಅಷ್ಟು ತೆಳು ದಾರಕ್ಕೆ ಅಷ್ಟು ಜೋರು ಎಳೆತ ಬಿದ್ರೆ ಕೆಳಗಿನ ಸಡಿಲ ಸುತ್ತುಗಳ ನಡುವೆ ಚಾಕುವಿನ ಹಾಗೆ ನುಗ್ಗಿ ಹೂತು ಕೂರುತ್ತೆ. ಮುಂದಿನ ಸಲ ಬೀಸಿದಾಗ ಅರ್ಧ ದಾರಿಯಲ್ಲಿ ಟಕ್ ಅಂತ ನಿಂತು, ನಿಮ್ಮ ಐನೂರು ರೂಪಾಯಿ ಲೂರು ದಾರ ಹರ್ಕೊಂಡು ಕೊಲ್ಹಾರದ ಕಡೆ ಹಾರುತ್ತೆ. ಹೂತುಕೊಳ್ಳದಿದ್ರೆ ಇನ್ನೊಂದು ಗತಿ: ಸಡಿಲ ಸುತ್ತು ಒಂದರ ಬದಲು ನಾಲ್ಕು ಒಟ್ಟಿಗೆ ಎದ್ದು ಬಂದು ಹಕ್ಕಿ ಗೂಡು.

ಸುತ್ತೋ ರೀತಿ ಏನು ಬ್ರಹ್ಮವಿದ್ಯೆ ಅಲ್ಲ. ದಾರದ ಉರುಳೆಗೆ ಪೆನ್ಸಿಲ್ ತೂರಿಸಿ ಯಾರ ಕೈಗಾದ್ರೂ ಕೊಡಿ, ಮನೆಯಾಕೆ, ಮಗ, ಪಕ್ಕದ ಮನೆ ಹುಡುಗ, ಯಾರಾದ್ರೂ ಸರಿ. ರೀಲನ್ನ ರಾಡಿಗೆ ಹಾಕಿ, ದಾರ ಕೆಳಗಿನ ಗೈಡ್ ಒಂದರಲ್ಲಿ ಹಾದು ಬರಲಿ. ಒದ್ದೆ ಬಟ್ಟೆ ಮಡಚಿ ಅದರ ನಡುವೆ ದಾರ ಹಿಡೀರಿ. ಒಣ ಬೆರಳಲ್ಲಿ ಹಿಡಿದ್ರೆ ಸುಡುತ್ತೆ, ಕುಯ್ಯುತ್ತೆ. ಬಟ್ಟೆ ಹಿಂಡಿದಾಗ ರಾಡಿನ ತುದಿ ಸ್ವಲ್ಪ ಬಗ್ಗಬೇಕು, ಅಷ್ಟು ಬಿಗಿ. ನಿಧಾನಕ್ಕೆ ತಿರುಗಿಸಿ. ಅಂಚಿಗೆ ಎರಡು ಮೂರು ಮಿಲಿಮೀಟರ್ ಇರುವಾಗ ನಿಲ್ಲಿಸಿ. ಹುರುಪಿಗೆ ಬಿದ್ದು ಅಂಚಿನ ತನಕ ತುಂಬಿಸಬೇಡಿ. ಮುಗಿದ ಮೇಲೆ ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡಿದ್ರೆ ಗಟ್ಟಿ ಇರಬೇಕು, ಹಳೇ ಕಾಲದ ನೂಲಿನ ರೀಲಿನ ಹಾಗೆ. ಉರುಳೆಯ ಲೇಬಲ್ ಮೇಲೆ ಇರಬೇಕೋ ಕೆಳಗೋ ಅನ್ನೋ ಜಗಳ ನೈಲಾನಿಗೆ ಮುಖ್ಯ. ಬ್ರೇಡ್‌ಗೆ ಸುರುಳಿ ನೆನಪಿರಲ್ಲ, ತಲೆ ಕೆಡಿಸ್ಕೋಬೇಡಿ. ಎಸೆದ ಮೇಲೆ ಬೇಲ್ ತಂತಿಯನ್ನ ಕೈಯಿಂದ ಮುಚ್ಚಿ, ದಾರ ಒಮ್ಮೆ ಜಗ್ಗಿ ಆಮೇಲೆ ಸುತ್ತಿ. ಹಕ್ಕಿ ಗೂಡು ಅರ್ಧ ಕಮ್ಮಿ ಆಗುತ್ತೆ.

ಇದೆಲ್ಲಾ ಹೇಳಿದ್ರೆ "ಯಾರಿಗ್ ಪುರುಸೊತ್ತೈತಿ" ಅಂತಾರೆ. ಅದಕ್ಕೇ ಈಗ ಪುರುಸೊತ್ತಿನ ಕಥೆ ಹೇಳ್ತೀನಿ.

ನನ್ನ ಸೋದರಮಾವನ ಮಗ ಬನಹಟ್ಟಿಯಲ್ಲಿ ಪವರ್‌ಲೂಮ್ ಓಡಿಸ್ತಾನೆ. ಕೂಲಿ ನೇಕಾರ. ಎಷ್ಟು ಸೀರೆ ನೇಯ್ತಾನೋ ಅಷ್ಟು ದುಡ್ಡು, ನೇಯದ ದಿನ ಸೊನ್ನೆ. ನಾನೇ ಅವನಿಗೆ ಗಾಳದ ಹುಚ್ಚು ಹಿಡಿಸಿದ್ದು. ರೀಲು ಕೊಂಡ, ಬ್ರೇಡ್ ಕೊಂಡ, ಅಂಗಡಿಯಲ್ಲೇ ಡ್ರಿಲ್ಲಿನಿಂದ ಸುತ್ತಿಸ್ಕೊಂಡು ನೆಟ್ಟಗೆ ಬೀಳಗಿಗೆ ಬಸ್ ಹತ್ತಿ ಬಂದ. "ಬಿಚ್ಚಿ ಹೊಳ್ಳಿ ಸುತ್ತೂಣು" ಅಂದೆ. "ಬಿಡೋ, ಬೆಳಕು ಹೊಕ್ಕೈತಿ" ಅಂದ. ನಾನೂ ಬಿಟ್ಟೆ. ಇದು ನನ್ನ ತಪ್ಪು, ಒಪ್ಕೊಳ್ತೀನಿ.

ನಮ್ಮ ಹಿನ್ನೀರಿನ ಕೆಳಗೆ ಏನಿದೆ ಅಂತ ಈ ಕಡೆಯೋರಿಗೆ ಹೇಳ್ಬೇಕಾಗಿಲ್ಲ, ಬೆಂಗಳೂರಲ್ಲಿ ಕೂತು ಓದೋರಿಗೆ ಹೇಳ್ತೀನಿ. 1964ರಲ್ಲಿ ಶಾಸ್ತ್ರೀಜಿ ಅಡಿಗಲ್ಲು ಹಾಕಿ, 2006ರಲ್ಲಿ ಕಲಾಂ ಅವರು ನಾಡಿಗೆ ಅರ್ಪಿಸಿದ ಆಲಮಟ್ಟಿ ಅಣೆಕಟ್ಟಿನ ನೀರು 519.60 ಮೀಟರಿಗೆ ನಿಂತಾಗ ಅದರೊಳಗೆ ಊರುಗಳಿವೆ. ಗೋಡೆ, ಹಾಳು ಬಾವಿ, ಕಟ್ಟೆ, ಜಾಲಿ ಮರಗಳ ಬೊಡ್ಡೆ ಎಲ್ಲಾ ಇವೆ. (524.256 ಮೀಟರಿಗೆ ಏರಿಸೋ ಮಾತು 2010ರ ನ್ಯಾಯಮಂಡಳಿ ತೀರ್ಪಿನಿಂದ ನಡೀತಾನೇ ಇದೆ, ಏರಿದ ದಿನ ಇನ್ನಷ್ಟು ಗೋಡೆಗಳು ಒಳಗೆ ಹೋಗ್ತವೆ. ಅದು ಬೇರೆ ಜಗಳ, ಇನ್ನೊಂದು ದಿನಕ್ಕಿರಲಿ.) ವಿದೇಶದ ವಿಡಿಯೋಗಳಲ್ಲಿ ತೋರಿಸೋ ಸ್ವಚ್ಛ ಸರೋವರ ಅಲ್ಲ ಇದು. ಇಲ್ಲಿ ಹತ್ತು ಸಲ ಎಸೆದ್ರೆ ಎರಡು ಸಲ ಗಾಳ ಯಾರದೋ ಹಿತ್ತಲಿಗೆ ಸಿಕ್ಕಿ ಬೀಳುತ್ತೆ.

ಅವನದ್ದೂ ಜಾಲಿ ಬೊಡ್ಡೆಗೆ ಸಿಕ್ಕಿತು. ರಾಡಿನಿಂದ ಜೋರಾಗಿ ಎಳೆದ. ಸಡಿಲ ಸುತ್ತಿದ ಸ್ಪೂಲಿನೊಳಗೆ ದಾರ ಆಳಕ್ಕೆ ಹೂತುಕೊಂಡಿತು. ಈಗ ದಾರ ಬಿಡೋಕೂ ಬರಲ್ಲ, ಸುತ್ತೋಕೂ ಬರಲ್ಲ. ಅಂಥ ಹೊತ್ತಲ್ಲಿ ಮನುಷ್ಯ ಏನ್ ಮಾಡ್ತಾನೆ? ರಾಡು ಕೆಳಗಿಟ್ಟು, ದಾರ ಕೈಗೆ ಎರಡು ಸುತ್ತು ಸುತ್ಕೊಂಡು ಹಿಂದಕ್ಕೆ ವಾಲಿದ. ನಾನು ಕೂಗೋದ್ರೊಳಗೆ ಮುಗಿದಿತ್ತು. ಹಿಗ್ಗದ ದಾರ, ತೋರುಬೆರಳಿನ ನಡುಗೆಣ್ಣಿಗೆ ಎಲುಬು ಕಾಣೋ ಹಾಗೆ ಇಳೀತು. ಐದು ಹೊಲಿಗೆ. ಆರು ವಾರ ಮಗ್ಗ ನಿಂತಿತು. ನೇಕಾರನಿಗೆ ತೋರುಬೆರಳು ಅಂದ್ರೆ ಏನು ಅಂತ ಹರಿದ ಎಳೆ ಗಂಟು ಹಾಕೋದನ್ನ ನೋಡಿದೋರಿಗೆ ಗೊತ್ತು. ಆ ಬೆರಳು ಈಗಲೂ ಪೂರ್ತಿ ಮಡಚಲ್ಲ.

ಆರು ವಾರದ ಕೂಲಿ. ಅರ್ಧ ಗಂಟೆ ಒದ್ದೆ ಬಟ್ಟೆ ಹಿಡಿಯೋಕೆ ಪುರುಸೊತ್ತಿಲ್ಲದ್ದಕ್ಕೆ.

ಅಂಗಡಿಯವನಿಗೆ ಬಯ್ಯೋಣ ಅಂತ ಹೋಗಿದ್ದೆ, ಸುಳ್ಳು ಯಾಕೆ ಹೇಳ್ಲಿ. ಅವನ ಮಾತಿನಲ್ಲೂ ಹುರುಳಿತ್ತು. "ಗಿರಾಕಿ ಐದ್ ನಿಮಿಷ ನಿಂದ್ರಂಗಿಲ್ರಿ. ಸುತ್ತಿದ್ದಕ್ಕ ಹತ್ತ್ ರೂಪಾಯಿ ಕೇಳಿದ್ರ ಆನ್‌ಲೈನ್ ತಗೋತೀನಿ ಅಂತಾನ" ಅಂದ. ನಿಜ. ಪುಕ್ಕಟೆ ಬೇಕು, ಬೇಗ ಬೇಕು ಅಂದ್ರೆ ಸಡಿಲಾನೇ ಸಿಗೋದು. ಆದ್ರೂ ಒಂದು ಮಾತು ಹೇಳಬಹುದಿತ್ತಲ್ಲ ಮಾರಾಯ, ಮನೆಗೆ ಹೋಗಿ ಬಿಚ್ಚಿ ಬಿಗಿಯಾಗಿ ಸುತ್ಕೋ ಅಂತ? ಅದಕ್ಕೇನು ದುಡ್ಡು ಹತ್ತುತ್ತಾ?

ನನಗೆ ಎಲ್ಲಕ್ಕಿಂತ ಹೊಟ್ಟೆ ಉರಿಯೋದು ಇನ್ನೊಂದು ಕಾರಣಕ್ಕೆ. ಇದು ಯಾವ ಸೀಮೆ ಹೇಳಿ? ರಬಕವಿ, ಬನಹಟ್ಟಿ, ಗುಳೇದಗುಡ್ಡ, ಇಳಕಲ್. ಇಡೀ ಜಿಲ್ಲೆಯ ಕೈಗೆ ನೂಲು ಗೊತ್ತು. ಕಂಡಿಕೆ ಸಡಿಲ ಸುತ್ತಿದ್ರೆ ಲಾಳಿ ಓಡುವಾಗ ಎಳೆ ಗುಂಪಾಗಿ ಜಾರಿ ಬಟ್ಟೆ ಕೆಡುತ್ತೆ ಅಂತ ನಮ್ಮತ್ತೆ ಹತ್ತು ವರ್ಷದ ಹುಡುಗೀಗೆ ತಲೆಗೆ ಮೊಟಕಿ ಕಲಿಸಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ಲಾಳಿಯೊಳಗಿನ ಕಂಡಿಕೆ ತಾನು ತಿರುಗಲ್ಲ, ಎಳೆ ಅದರ ತುದಿಯ ಮೇಲಿಂದ ಬಿಚ್ಕೊಂಡು ಬರುತ್ತೆ. ಸ್ಪಿನ್ನಿಂಗ್ ರೀಲೂ ಅದೇ ಅಲ್ವೇನ್ರೀ? ಸ್ಪೂಲು ನಿಂತಿರುತ್ತೆ, ದಾರ ಅಂಚಿನ ಮೇಲಿಂದ ಹಾರುತ್ತೆ.

ಇದು ನಾನು ಎಳೆದು ತಂದು ಜೋಡಿಸಿದ ಹೋಲಿಕೆ ಅಂದ್ಕೋಬೇಡಿ. ಇಂಥ ರೀಲಿಗೆ 1905ರಲ್ಲಿ ಪೇಟೆಂಟ್ ತಗೊಂಡವನು ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಅಂತ, ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನವನು. ಬ್ರಾಡ್‌ಫರ್ಡ್ ಅಂದ್ರೆ ಉಣ್ಣೆ ಗಿರಣಿಗಳ ಊರು, ಅವನು ಗಿರಣಿ ಮಾಲೀಕ. ಬಾಬಿನ್‌ನಿಂದ ನೂಲು ಬಿಚ್ಚಿಕೊಳ್ಳೋದನ್ನ ನೋಡಿ ಅವನಿಗೆ ಇದು ಹೊಳೀತು ಅಂತಾರೆ. ಅಂದ್ರೆ ಸ್ಪಿನ್ನಿಂಗ್ ರೀಲು ಮಗ್ಗದ ಮನೆಯ ಮಗು! ಅದು ನೂರು ವರ್ಷ ಊರೂರು ಸುತ್ತಿ ನಮ್ಮ ಮಗ್ಗದ ಮನೆಗೆ ಬಂದ್ರೆ, ನಾವು ಅದನ್ನ ಡ್ರಿಲ್ ಮಷೀನಿನ ಕೈಗೆ ಕೊಟ್ಟು "ಬ್ರೇಡ್ ಬರಂಗಿಲ್ಲ" ಅಂತೀವಿ.

ಇನ್ನೊಂದು ಹೇಳ್ತೀನಿ. ಬ್ರೇಡ್ ಕಲ್ಲಿಗೆ, ಗೋಡೆಗೆ ತಿಕ್ಕಿದ್ರೆ ನೈಲಾನಿಗಿಂತ ಬೇಗ ಹರಿಯುತ್ತೆ. ಇದು ನಿಜ, ನೈಲಾನ್ ಪಕ್ಷದವರಿಗೆ ಈ ಒಂದು ಅಂಕ ಕೊಡ್ತೀನಿ. ಅದಕ್ಕೇ ತುದಿಗೆ ಒಂದೆರಡು ಮೀಟರ್ ದಪ್ಪ ನೈಲಾನ್ ಲೀಡರ್ ಕಟ್ಟೋದು. "ಎರಡು ಬೇರೆ ಬೇರೆ ದಾರ ಸೇರಿಸಿದ್ರ ಗಂಟು ನಿಲ್ಲಂಗಿಲ್ಲ" ಅಂತ ಇದಕ್ಕೂ ಒಂದು ತಕರಾರು. ಇಳಕಲ್ ಸೀರೆ ನೋಡಿದೀರಲ್ಲ? ಒಡಲಿನ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆಗೆ ಕುಣಿಕೆ ಸೇರಿಸ್ತಾರೆ, ಕೊಂಡಿ ಅಂತಾರೆ ಅದಕ್ಕೆ. ಸಾವಿರಾರು ಕೊಂಡಿ ಹಾಕೋ ಜಿಲ್ಲೆಯವರು ಒಂದು ಗಂಟಿಗೆ ಹೆದರೋದಾ? ಹಳೇ ನೈಲಾನಿನ ಕ್ಲಿಂಚ್ ಗಂಟನ್ನೇ ಬ್ರೇಡ್‌ಗೂ ಹಾಕ್ತೀರಿ, ಜಾರುತ್ತೆ, ಆಮೇಲೆ ಬಯ್ತೀರಿ. ಕೊಕ್ಕೆಗೆ ಪಾಲೋಮಾರ್ ಹಾಕಿ, ಲೀಡರಿಗೆ ಡಬಲ್ ಯೂನಿ ಹಾಕಿ. ಎಂಜಲು ಹಚ್ಚಿ ಒದ್ದೆ ಮಾಡಿ ಎಳೀರಿ. ನಿಲ್ಲದಿದ್ರೆ ನನ್ನ ಕೇಳಿ.

ಮತ್ತೆ ಆ ಕತ್ತರಿಸಿ ಎಸೆದ ದಾರ! ಅದು ಕೊಳೆಯಲ್ಲ, ಮುಳುಗೋದೂ ಇಲ್ಲ. ನೀರಿಗಿಂತ ಹಗುರ ಅಂತ ಆಗಲೇ ಹೇಳಿದೆನಲ್ಲ. ತೇಲಿ ಹೋಗಿ ಅಂಬಿಗರ ಬಲೆಗೆ ಸುತ್ಕೊಳ್ಳುತ್ತೆ. ನಮಗೆ ಇದು ಭಾನುವಾರದ ಮೋಜು, ಅವರಿಗೆ ಹೊಟ್ಟೆಪಾಡು. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಅದೇ ದಂಡೆಗೆ ಕುರಿ ಬರ್ತವೆ. ಹೋದ ಬೇಸಿಗೆಯಲ್ಲಿ ಒಬ್ಬ ಕುರಿಗಾಹಿ ಮರಿಯೊಂದನ್ನ ಕಾಲಮೇಲೆ ಮಲಗಿಸ್ಕೊಂಡು ಗೊರಸಿನ ಮೇಲಿಂದ ಹಸಿರು ದಾರ ಕೊಯ್ದು ತೆಗೀತಾ ಇದ್ದ. ಅರ್ಧ ಮಾಂಸದೊಳಗೆ ಹೋಗಿತ್ತು. ನನ್ನ ಕೈಯಲ್ಲೂ ರಾಡು ಇತ್ತು. ಅವನು ರಾಡು ನೋಡಿದ, ಆಮೇಲೆ ನನ್ನ ಮುಖ ನೋಡಿದ. ಏನೂ ಅನ್ನಲಿಲ್ಲ. ಅಂದಿದ್ರೇ ಚೆನ್ನಾಗಿತ್ತು.

ಸರಿಯಾಗಿ ಸುತ್ತಿದ ಬ್ರೇಡ್‌ನಲ್ಲಿ ಗೂಡು ಬೀಳೋದು ಅಪರೂಪ. ಗೂಡು ಬೀಳದಿದ್ರೆ ಕತ್ತರಿಸೋದಿಲ್ಲ, ಎಸೆಯೋದಿಲ್ಲ. ಮೇಲಿನ ದಾರ ಸವೆದ್ರೂ ಬಿಸಾಕಬೇಕಿಲ್ಲ, ಬಿಚ್ಚಿ ತಿರುಗುಮುರುಗು ಮಾಡಿ ಸುತ್ತಿದ್ರೆ ಒಳಗಿದ್ದ ಹೊಸ ದಾರ ಮೇಲೆ ಬರುತ್ತೆ, ಇನ್ನೊಂದು ಆಯುಷ್ಯ. ಗಾಳ ಸಿಕ್ಕಿ ಬಿದ್ರೆ ಕೈಗೆ ಸುತ್ಕೋಬೇಡಿ, ಒಂದು ಗೇಣುದ್ದದ ಕಟ್ಟಿಗೆಗೆ ಸುತ್ತಿ ನೇರವಾಗಿ ಹಿಂದಕ್ಕೆ ನಡೀರಿ. ಲೀಡರ್ ಬ್ರೇಡ್‌ಗಿಂತ ಕಮ್ಮಿ ತೂಕದ್ದಾಗಿದ್ರೆ ಕೊಕ್ಕೆಯ ಹತ್ರಾನೇ ಹರಿಯುತ್ತೆ, ನಲವತ್ತು ಮೀಟರ್ ದಾರ ಹೊಳೆಯಲ್ಲಿ ಉಳಿಯಲ್ಲ.

ಆ ಭಾನುವಾರ ಹುಡುಗರ ರೀಲನ್ನ ಅಲ್ಲೇ ಬಿಚ್ಚಿಸಿದೆ. ಒಂದು ರೀಲಿಗೂ ಒಳಗೆ ನೈಲಾನ್ ಇರ್ಲಿಲ್ಲ. ಟವೆಲ್ ಹೊಳೆಯಲ್ಲಿ ಅದ್ದಿ ಎರಡು ರೀಲು ಸುತ್ತೋ ಹೊತ್ತಿಗೆ ಕತ್ತಲಾಯ್ತು, ಮೀನು ಸೊನ್ನೆ. ಒಬ್ಬ ಗೊಣಗ್ತಾನೇ ಇದ್ದ. ಇನ್ನೊಬ್ಬ ಕೊಲ್ಹಾರದ ಮೊಸರು ಕೊಡಿಸಿದ.

ನನ್ನ ಮಾವನ ಮಗ ಹೊಳ್ಳಿ ಮಗ್ಗಕ್ಕೆ ಕೂತಿದಾನೆ. ಹೋದ ತಿಂಗಳು ಬನಹಟ್ಟಿಗೆ ಹೋದಾಗ ನನ್ನ ರೀಲು ಒಯ್ದಿದ್ದೆ, ಹೊಸ ದಾರ ಸುತ್ತೋದಿತ್ತು. ನಾನು ಹಿಡಿಕೆ ತಿರುಗಿಸಿದೆ, ಒದ್ದೆ ಬಟ್ಟೆ ಅವನು ಹಿಡಿದ. ಮಡಚದ ಬೆರಳನ್ನ ಪಕ್ಕಕ್ಕೆ ಚಾಚಿ, ಹೆಬ್ಬೆರಳು ಮತ್ತು ನಡುಬೆರಳಲ್ಲಿ. ಮುಗಿದ ಮೇಲೆ ಸ್ಪೂಲನ್ನ ಉಗುರಿನಿಂದ ಒತ್ತಿ ನೋಡಿ "ಸಡಲ ಐತಿ, ಬಿಚ್ಚು" ಅಂದ. ಬಿಚ್ಚಿದೆ. ಎರಡನೇ ಸಲಾನೂ ಬಿಚ್ಚಿಸಿದ. ಮೂರನೇ ಸಲ ಒತ್ತಿ ನೋಡಿ ಏನೂ ಅನ್ನದೆ ರೀಲು ನನ್ನ ಕೈಗೆ ಕೊಟ್ಟ.

ಸೂ: ಹಳೇ ಬ್ರೇಡ್ ಹೊಳೆಗೂ ಎಸೀಬೇಡಿ, ಉದ್ದಕ್ಕೆ ತಿಪ್ಪೆಗೂ ಹಾಕಬೇಡಿ. ಬೆರಳುದ್ದ ತುಂಡು ಮಾಡಿ ಬಾಟಲಿಯಲ್ಲಿ ತುಂಬಿ ಕಸಕ್ಕೆ ಕೊಡಿ. ಇಲ್ಲಾ ನನಗೆ ತಂದು ಕೊಡಿ, ಭಾನುವಾರ ಸೇತುವೆ ಹತ್ರಾನೇ ಇರ್ತೀನಿ. ಒದ್ದೆ ಟವೆಲ್ಲೂ ಇರುತ್ತೆ.